ಮುಚ್ಚಳಿಕೆ ಬರೆಸಿಕೊಂಡ ಮೇಲೂ ವಿದ್ಯಾರ್ಥಿಗೆ ಹಕ್ಕು ಇರುತ್ತದೆಯೇ?

ನೀವು ಕೇಳಿರುವುದು ಇಷ್ಟು: ಖಾಸಗಿ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಸೇರುವಾಗ ‘ಆಡಳಿತ ಮಂಡಳಿಯ ಯಾವ ತೀರ್ಮಾನವನ್ನೂ ಪ್ರಶ್ನಿಸುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡಿದ್ದಾರೆ, ಅಸಲು ಅಂಕಪಟ್ಟಿಯನ್ನೂ ಇಟ್ಟುಕೊಂಡಿದ್ದಾರೆ. ಹುಡುಗಿಯರ ಹಾಸ್ಟೆಲ್ ಗೇಟು ಸಂಜೆ ಆರೂವರೆಗೆ ಮುಚ್ಚುತ್ತದೆ, ಹುಡುಗರದ್ದು ಒಂಬತ್ತೂವರೆಗೆ. ಲ್ಯಾಬಿನ ಒಬ್ಬ ಮೇಷ್ಟ್ರು ನಿಮ್ಮ ಗೆಳತಿಗೆ ರಾತ್ರಿ ಹೊತ್ತು ಬೇಡದ ಮೆಸೇಜ್ ಕಳಿಸುತ್ತಾರೆ. ವಿಭಾಗ ಮುಖ್ಯಸ್ಥರಿಗೆ (ಎಚ್‌ಒಡಿ) ಹೇಳಿದರೆ ‘ನೋಡೋಣ, ದೊಡ್ಡದು ಮಾಡಬೇಡಿ’ ಎಂದರು. ದೂರು ಕೊಟ್ಟರೆ ಇಂಟರ್ನಲ್ಸ್‌ನಲ್ಲಿ, ಅಂದರೆ ಆಂತರಿಕ ಅಂಕಗಳಲ್ಲಿ, ಕೈ ಇಡುತ್ತಾರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಿಮಗೆ ನಿಜಕ್ಕೂ ಯಾವುದಾದರೂ ಹಕ್ಕು ಇದೆಯೇ?

ಇದೆ. ನಾನು ಒಂದು ಅನುದಾನಿತ ಕಾಲೇಜಿನಲ್ಲಿ ಪಾಠ ಮಾಡಿದವಳು, ಕೆಲವು ವರ್ಷ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಅಲ್ಲಿನ ಆಂತರಿಕ ದೂರು ಸಮಿತಿಯಲ್ಲೂ ಇದ್ದೆ. ಆ ಅನುಭವದಿಂದ ಹೇಳುವುದಾದರೆ, ಹಕ್ಕು ಇಲ್ಲದೆ ಸೋತವರಿಗಿಂತ ದೂರನ್ನು ಬಾಯಿಮಾತಲ್ಲೇ ಬಿಟ್ಟು ಸೋತವರು ಹೆಚ್ಚು. ನಮ್ಮ ಸಮಿತಿಗೆ ಬಂದ ಹೆಚ್ಚಿನ ಹುಡುಗಿಯರು ಅದಕ್ಕೂ ಮೊದಲು ಯಾರೋ ಒಬ್ಬಿಬ್ಬರು ಅಧ್ಯಾಪಕರ ಹತ್ತಿರ ಹೇಳಿಕೊಂಡಿರುತ್ತಿದ್ದರು. ಕೇಳಿಸಿಕೊಂಡವರು ಕೆಟ್ಟವರಲ್ಲ. ‘ಮಾತಾಡಿ ಸರಿ ಮಾಡೋಣ’ ಅನ್ನುವುದು ನಮ್ಮ ಕಾಲೇಜುಗಳ ರೂಢಿ. ಆದರೆ ಹಾಗೆ ಹೇಳಿದ ಮಾತಿಗೆ ತಾರೀಕಿಲ್ಲ, ಇನ್‌ವರ್ಡ್ ನಂಬರಿಲ್ಲ. ಆಮೇಲೆ ‘ನಮಗೆ ಯಾರೂ ದೂರೇ ಕೊಟ್ಟಿಲ್ಲ’ ಎನ್ನುವುದು ಬಹಳ ಸುಲಭ. ವಿಚಾರಣೆಗೆ ನಿಯಮಗಳಲ್ಲಿ ಬರೆದಿರುವ ಗಡುವುಗಳು ಲಿಖಿತ ದೂರು ಕೈಸೇರಿದ ಮೇಲೆಯೇ ಓಡಲು ಶುರುವಾಗುತ್ತವೆ.

ಮೊದಲು ನಿಮ್ಮ ಗೆಳತಿಯ ವಿಷಯ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕೆಲಸದ ಸ್ಥಳಕ್ಕೆ ಅಂತ ಬಂದರೂ ಕಾಲೇಜುಗಳಿಗೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬೇರೆ ನಿಯಮಾವಳಿ ತಂದಿದೆ. ಹೆಸರಿನಲ್ಲಿ 2015 ಅಂತಿದೆ, ಜಾರಿಗೆ ಬಂದದ್ದು 2016ರ ಮೇನಲ್ಲಿ. ಅದರ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಅಧ್ಯಾಪಕಿ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಸ್ವಯಂಸೇವಾ ಸಂಸ್ಥೆಯಿಂದ ಒಬ್ಬರು. ಡೀನ್, ವಿಭಾಗ ಮುಖ್ಯಸ್ಥರಂಥ ಆಡಳಿತದ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ಅಂದರೆ ನಿಮ್ಮ ಎಚ್‌ಒಡಿ ‘ನೋಡೋಣ’ ಎಂದದ್ದು ಯಾವ ತೀರ್ಮಾನವೂ ಅಲ್ಲ, ಆ ತೀರ್ಮಾನ ಮಾಡುವ ಅಧಿಕಾರವೇ ಅವರಿಗಿಲ್ಲ. ದೂರಿನಲ್ಲಿ ವಿದ್ಯಾರ್ಥಿಗಳಿದ್ದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು, ಅವರು ಪಾರದರ್ಶಕ ಚುನಾವಣೆಯಲ್ಲಿ ಆರಿಸಿ ಬಂದಿರಬೇಕು. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಹೀಗಾಗಿ ಬಹಳ ಕಡೆ ಪ್ರಾಂಶುಪಾಲರೇ ತಮಗೆ ಬೇಕಾದ ಮೂವರ ಹೆಸರು ಬರೆದುಬಿಡುತ್ತಾರೆ. ಇದು ನನಗೆ ಯಾವತ್ತೂ ಸರಿ ಅನಿಸಿಲ್ಲ. ವಿದ್ಯಾರ್ಥಿ ನಂಬಿ ಹೇಳಿಕೊಳ್ಳಬೇಕಾದ ಜಾಗದಲ್ಲಿ ಅವಳ ಪೈಕಿಯವರು ಯಾರೂ ಇಲ್ಲದ ಹಾಗಾಗುತ್ತದೆ.

ಇಂಟರ್ನಲ್ಸ್ ಭಯಕ್ಕೆ ಉತ್ತರ ಅದೇ ನಿಯಮಾವಳಿಯಲ್ಲಿದೆ. ವಿಚಾರಣೆ ನಡೆಯುವಾಗ, ಆರೋಪ ಎದುರಿಸುತ್ತಿರುವವರು ದೂರುದಾರಳ ಪರೀಕ್ಷೆ, ಟೆಸ್ಟು, ಕೆಲಸ ಯಾವುದನ್ನೂ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಇದು ತಾನಾಗಿ ಸಿಗುವುದಿಲ್ಲ, ಕೇಳಬೇಕು. ದೂರಿನ ಕೊನೆಯಲ್ಲಿ ‘ಈ ಸೆಮಿಸ್ಟರಿನ ನನ್ನ ಪ್ರಾಕ್ಟಿಕಲ್ ರೆಕಾರ್ಡ್ ಮತ್ತು ಆಂತರಿಕ ಅಂಕಗಳನ್ನು ಬೇರೆ ಅಧ್ಯಾಪಕರಿಂದ ಮೌಲ್ಯಮಾಪನ ಮಾಡಿಸಬೇಕೆಂದು ಕೋರುತ್ತೇನೆ’ ಎಂದು ಒಂದು ಸಾಲು ಸೇರಿಸಲು ಹೇಳಿ. ಆ ಒಂದು ಸಾಲಿಂದ ಎಷ್ಟೋ ಹುಡುಗಿಯರ ಎದೆಯ ಭಾರ ಇಳಿದದ್ದನ್ನು ನಾನು ಕಂಡಿದ್ದೇನೆ.

ದೂರನ್ನು ಅವಳೇ ಕೊಡಬೇಕು. ಮಾನಸಿಕವಾಗಿಯೋ ದೈಹಿಕವಾಗಿಯೋ ಅವಳಿಗೆ ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿ ಮಾತ್ರ ಗೆಳತಿಯೋ ಮನೆಯವರೋ ಕೊಡಬಹುದು. ಬರೆಯಲು ಕಷ್ಟವಾದರೆ ನೆರವಾಗುವುದು ಸಮಿತಿಯವರ ಕರ್ತವ್ಯ. ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಬೇಕೆಂದು ಯಾರೂ ಹಟ ಹಿಡಿಯುವಂತಿಲ್ಲ. ಮೆಸೇಜುಗಳನ್ನು ಅಳಿಸಬೇಡಿ. ನಂಬರ್, ದಿನಾಂಕ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಮನೆಯ ಯಾರದಾದರೂ ಇಮೇಲಿಗೆ ಕಳಿಸಿಡಿ. ಕ್ಲಾಸಿನ ಗ್ರೂಪಿಗೆ ಮಾತ್ರ ಹಾಕಬೇಡಿ: ಅವಳ ಹೆಸರು ಹೊರಗೆ ಬರಬಾರದೆಂದು ಕಾನೂನೇ ಹೇಳುತ್ತದೆ, ಆ ರಕ್ಷಣೆಯನ್ನು ನಾವೇ ಮುರಿದ ಹಾಗಾಗುತ್ತದೆ.

ದೂರು ಬಂದ ಏಳು ದಿನದೊಳಗೆ ಸಮಿತಿ ಅದರ ಪ್ರತಿಯನ್ನು ಆ ಮೇಷ್ಟ್ರಿಗೆ ಕಳಿಸಬೇಕು, ಅವರು ಹತ್ತು ದಿನದೊಳಗೆ ಉತ್ತರಿಸಬೇಕು. ಅವರ ಮಾತನ್ನೂ ಕೇಳುತ್ತಾರೆ, ಕೇಳಲೇಬೇಕು; ಅದರಿಂದ ಗೆಳತಿ ಗಾಬರಿಯಾಗಬಾರದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ‘ಸಾಬೀತಾಗದಿದ್ದರೆ ನಿನ್ನ ಮೇಲೇ ಕ್ರಮ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಶಿಕ್ಷೆಯಿದೆ ನಿಜ, ಆದರೆ ಸಾಕ್ಷ್ಯ ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರಳನ್ನು ಶಿಕ್ಷಿಸುವಂತಿಲ್ಲ. ಇನ್ನೊಂದು ಎಚ್ಚರ. ಪ್ರಾಂಶುಪಾಲರ ಕೊಠಡಿಗೆ ಕರೆಸಿ, ಆ ಮೇಷ್ಟ್ರಿಂದ ‘ಸಾರಿ’ ಹೇಳಿಸಿ, ಇವಳಿಂದ ‘ದೂರಿಲ್ಲ’ ಎಂದು ಬರೆಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ರಾಜಿಯ ಮಾತು ಬರಬೇಕಾದದ್ದು ಅವಳ ಬಾಯಿಂದ ಮಾತ್ರ. ಅವಳು ಕೇಳದೆ ಯಾರೂ ರಾಜಿ ಮಾಡಿಸುವಂತಿಲ್ಲ.

ಸಮಿತಿಯೇ ಇಲ್ಲದಿದ್ದರೆ? ರಚಿಸದ ಸಂಸ್ಥೆಗೆ ಕಾಯ್ದೆಯಲ್ಲೇ 50,000 ರೂಪಾಯಿವರೆಗೆ ದಂಡವಿದೆ. ದೂರನ್ನು ಪ್ರಾಂಶುಪಾಲರಿಗೆ ಕೊಟ್ಟು, ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪೊಲೀಸ್ ಠಾಣೆಯ ದಾರಿ ಯಾವಾಗಲೂ ತೆರೆದೇ ಇದೆ, ಅದಕ್ಕೆ ಸಮಿತಿಯ ಒಪ್ಪಿಗೆ ಬೇಕಿಲ್ಲ.

ಇನ್ನು ಗೇಟು. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಯುಜಿಸಿ ‘ಸಕ್ಷಮ್’ ಎಂಬ ವರದಿ ಮಾಡಿಸಿತು. ಅದರ ಸಾರ 2015ರ ನಿಯಮಾವಳಿಗೂ ಬಂತು: ಸುರಕ್ಷತೆಯ ನೆಪ ಮುಂದಿಟ್ಟು ಹಾಸ್ಟೆಲ್‌ನಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದು ನಿಯಮ ಮಾಡಬಾರದು, ಕಾವಲಿನ ಹೆಸರಲ್ಲಿ ಓಡಾಟದ ಸ್ವಾತಂತ್ರ್ಯ ಕಿತ್ತುಕೊಳ್ಳಬಾರದು. ಗೇಟು ಇರಲಿ, ಹೊತ್ತು ನಿಗದಿಯಾಗಲಿ, ನನಗೆ ತಕರಾರಿಲ್ಲ. ನೂರಾರು ಮಕ್ಕಳ ಜವಾಬ್ದಾರಿ ಹೊತ್ತ ವಾರ್ಡನ್ನಿನ ಕಷ್ಟ ನನಗೆ ಗೊತ್ತು. ಆದರೆ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿದ್ದು ಹುಡುಗಿಯರಿಗೆ ಮಾತ್ರ ಆರೂವರೆಗೆ ಬೀಗ ಬಿದ್ದರೆ, ಅರ್ಧ ವಿದ್ಯಾರ್ಥಿಗಳಿಂದ ಪುಸ್ತಕ ಕಸಿದುಕೊಂಡಂತೆಯೇ. 2019ರಲ್ಲಿ ಕೇರಳ ಹೈಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲ್‌ನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ಫಹೀಮಾ ಶಿರಿನ್ ಎಂಬ ಬಿ.ಎ. ವಿದ್ಯಾರ್ಥಿನಿ ಒಪ್ಪದಿದ್ದಾಗ ಅವರನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಶಿಸ್ತಿನ ಹೆಸರಲ್ಲಿ ವಿದ್ಯಾರ್ಥಿಯ ಖಾಸಗಿತನವನ್ನೂ ಕಲಿಯುವ ಹಕ್ಕನ್ನೂ ಮುರಿಯುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದು ಕೇರಳದ ತೀರ್ಪು, ಕರ್ನಾಟಕದಲ್ಲಿ ಕಟ್ಟುಪಾಡಲ್ಲ. ಆದರೂ ಅರ್ಜಿಯಲ್ಲಿ ಉಲ್ಲೇಖಿಸಬಹುದು.

ಆ ಅರ್ಜಿ ಹೋಗಬೇಕಾದದ್ದು ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ. ಯುಜಿಸಿಯ 2023ರ ನಿಯಮಾವಳಿ ಪ್ರಕಾರ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ) ಬಳಿ ಮೇಲ್ಮನವಿ. ಅಂಕಪಟ್ಟಿಯ ಅರ್ಜಿಯೂ ಅದೇ ಕುಂದುಕೊರತೆ ಸಮಿತಿಗೇ: ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಅಸಲು ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಮುಚ್ಚಳಿಕೆಗೆ ಹೆದರಬೇಡಿ. ಕಾಲೇಜಿನ ಕೈಪಿಡಿ ಕಾನೂನಿಗಿಂತ ದೊಡ್ಡದಲ್ಲ. ಹಾಜರಾತಿ, ಗುರುತಿನ ಚೀಟಿ, ಪರೀಕ್ಷೆಯ ಶಿಸ್ತು, ಇವಕ್ಕೆಲ್ಲ ನೀವು ಬದ್ಧರೇ. ಆದರೆ ಅಮಾನತು ಮಾಡುವುದಾದರೆ ಆರೋಪ ಏನೆಂದು ಬರೆದು ತಿಳಿಸಿ ನಿಮ್ಮ ವಿವರಣೆ ಕೇಳಬೇಕು. ‘ಪ್ರಶ್ನಿಸುವುದಿಲ್ಲ’ ಎಂದು ಮೊದಲೇ ಬರೆಸಿಕೊಂಡರೆ ಆ ಹೊಣೆ ಕಳಚುವುದಿಲ್ಲ. ಇದನ್ನು ರ‍್ಯಾಗಿಂಗ್ ವಿರುದ್ಧ ನೀವೂ ಪೋಷಕರೂ ಕೊಡುವ ಪ್ರಮಾಣಪತ್ರದ ಜೊತೆ ಬೆರೆಸಬೇಡಿ. ಅದು ಬೇಕಾದದ್ದೇ: 2009ರ ಮಾರ್ಚ್‌ನಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ ಸೀನಿಯರ್‌ಗಳ ಹೊಡೆತಕ್ಕೆ ಸತ್ತ ನಂತರ, ಅದೇ ವರ್ಷ ಬಂದ ನಿಯಮಾವಳಿಯ ಭಾಗ ಅದು. ನಿಮ್ಮ ಜೂನಿಯರ್‌ಗಳಿಗೆ 1800-180-5522 ಸಹಾಯವಾಣಿಯ ನಂಬರ್ ಕೊಟ್ಟಿರಿ.

ಗೆಳತಿಗೆ ಈಗಲೇ ತಿಳಿಸಬೇಕಾದ ವಿಷಯ ಒಂದಿದೆ. ಕೊನೆಯ ಮೆಸೇಜ್ ಬಂದ ದಿನದಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಲಿ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಅದನ್ನೇ ಇಮೇಲ್ ಮಾಡಲಿ. ಅವಳಿಗೆ ಇನ್ನೂ ಧೈರ್ಯ ಬಂದಿಲ್ಲವೆಂದರೆ ಒತ್ತಾಯಿಸಬೇಡಿ, ತಾರೀಕು ಮಾತ್ರ ನೆನಪಿಸುತ್ತಿರಿ. ರಾತ್ರಿ ನಿದ್ದೆ ಬಾರದ ಸ್ಥಿತಿಯಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ. ಗೇಟಿನ ಅರ್ಜಿಯನ್ನು ಹಾಸ್ಟೆಲ್‌ನ ಹತ್ತಾರು ಜನ ಸೇರಿ ಸಹಿ ಮಾಡಿ ಈ ವಾರವೇ ಕೊಡಬಹುದು. ಒಬ್ಬಳ ಹೆಸರು ಎದ್ದು ಕಾಣುವುದಿಲ್ಲ.