ನಮ್ಮ ಚಿತ್ರಗಳನ್ನು ಇಟ್ಟುಕೊಂಡು ಬಳಕೆಯ ಪರವಾನಗಿ ಮಾರುವ ಸ್ಟಾಕ್ ಫೋಟೊ ಏಜೆನ್ಸಿಗಳು ಗ್ರಾಹಕರಿಗೆ ರಿಯಾಯಿತಿ ಕೊಟ್ಟರೆ ನಮ್ಮ ಪಾಲು ಎಷ್ಟು ಕಡಿಮೆಯಾಗುತ್ತದೆ? ಶೇ. 15 ಕೊಡುವ ಏಜೆನ್ಸಿ ಬಿಟ್ಟು ಶೇ. 33 ಕೊಡುವಲ್ಲಿಗೆ ಹೋಗುವುದು ಲೇಸೇ?

ಯಾದಗಿರಿಯಿಂದ ನೀವು ಕೇಳಿರುವ ಈ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಕಲಬುರಗಿಯ ನನ್ನ ಸ್ಟುಡಿಯೊದಲ್ಲಿ ಕುಳಿತು ನಾನೂ ಕೇಳಿಕೊಂಡಿದ್ದೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಆಗ ಯಾರಾದರೂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಚೆನ್ನಾಗಿತ್ತು ಎಂಬ ಮಾತನ್ನೇ ನಿಮಗೆ ಮೊದಲು ಹೇಳುತ್ತೇನೆ: ಶೇಕಡಾವಾರು ಪಾಲನ್ನು ಹೋಲಿಸಿ ಏಜೆನ್ಸಿಯನ್ನು ಆರಿಸುವ ಕ್ರಮವೇ ತಪ್ಪು. ತೊಗರಿ ಮಾರಲು ಹೋದವನು ಅಡತಿಯ ಕಮಿಷನ್ ಎಷ್ಟೆಂದು ವಿಚಾರಿಸಿ, ಕ್ವಿಂಟಲಿನ ಧಾರಣೆಯನ್ನೇ ಕೇಳದೆ ಚೀಲ ಇಳಿಸಿ ಬಂದ ಹಾಗಾಗುತ್ತದೆ ಅದು.

ನನ್ನ ಕಸುಬು ಮದುವೆಯ ಆಲ್ಬಮ್ ಮತ್ತು ಶಾಲಾ ಮಕ್ಕಳ ಗುರುತಿನ ಚೀಟಿಯ ಫೋಟೊ. 2020ರ ಲಾಕ್‌ಡೌನಿನಲ್ಲಿ ಮದುವೆಗಳೂ ನಿಂತವು, ಶಾಲೆಗಳೂ ಮುಚ್ಚಿದವು. ಹಾರ್ಡ್‌ಡಿಸ್ಕಿನಲ್ಲಿ ವರ್ಷಗಳಿಂದ ಬಿದ್ದಿದ್ದ ಚಿತ್ರಗಳಿಂದ ನಾಲ್ಕು ಕಾಸು ಬರಲಿ ಎಂದು ಆಗ ಸ್ಟಾಕ್ ಏಜೆನ್ಸಿಯೊಂದಕ್ಕೆ ಸೇರಿದೆ. ಅದರ ಹೆಸರು ಇಲ್ಲಿ ಬೇಡ. ಇಡೀ ಉದ್ಯಮದಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿತ್ತು ಎಂಬುದು ಮಾತ್ರ ನಿಮಗೆ ಗೊತ್ತಿರಬೇಕು. ಶಟರ್‌ಸ್ಟಾಕ್ ಸಂಸ್ಥೆ ಅದೇ ವರ್ಷದ ಜೂನ್ 1ರಿಂದ ಛಾಯಾಗ್ರಾಹಕರಿಗೆ ಹಣ ಕೊಡುವ ಪದ್ಧತಿಯನ್ನೇ ಬದಲಿಸಿತು. ಅಲ್ಲಿಯವರೆಗೆ ಚಂದಾದಾರರು ಇಳಿಸಿಕೊಂಡ ಪ್ರತಿ ಚಿತ್ರಕ್ಕೂ, ಛಾಯಾಗ್ರಾಹಕನ ಒಟ್ಟು ಗಳಿಕೆಯನ್ನು ನೋಡಿ, 25ರಿಂದ 38 ಸೆಂಟ್‌ವರೆಗೆ ನಿಗದಿತ ಮೊತ್ತ ಸಿಗುತ್ತಿತ್ತು. ಹೊಸ ಪದ್ಧತಿಯಲ್ಲಿ ಆರು ಹಂತಗಳು ಬಂದವು: ಮೊದಲ 100 ಡೌನ್‌ಲೋಡ್‌ಗಳಿಗೆ ಶೇ. 15, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, ವರ್ಷಕ್ಕೆ 25,000 ದಾಟಿದವರಿಗೆ ಶೇ. 40. ಕನಿಷ್ಠ ಮೊತ್ತ 10 ಸೆಂಟ್. ಪ್ರತಿ ಜನವರಿ 1ರಂದು ಎಲ್ಲರೂ ಮತ್ತೆ ಕೆಳಗಿನ ಹಂತಕ್ಕೆ.

ಈ ಬದಲಾವಣೆಯಲ್ಲಿ ಹಂತಗಳ ವಿಚಾರವೇ ದೊಡ್ಡ ಸುದ್ದಿಯಾಯಿತು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇನ್ನೊಂದು ಕಡೆ. ನಿಗದಿತ ಮೊತ್ತ ಇರುವಾಗ ಗ್ರಾಹಕನಿಗೆ ಕೊಟ್ಟ ರಿಯಾಯಿತಿಯ ಭಾರವನ್ನು ಏಜೆನ್ಸಿ ತನ್ನ ಲಾಭದಲ್ಲಿ ಹೊರಬೇಕಾಗುತ್ತದೆ. ಚಿತ್ರ ಎಷ್ಟು ಅಗ್ಗಕ್ಕೆ ಹೋದರೂ ನಿಮ್ಮ 25 ಸೆಂಟ್ ನಿಮಗೆ ಬರುತ್ತದೆ. ಶೇಕಡಾವಾರು ಪದ್ಧತಿಯಲ್ಲಿ ರಿಯಾಯಿತಿ ನೇರವಾಗಿ ನಿಮ್ಮ ತಟ್ಟೆಗೂ ಕೈ ಹಾಕುತ್ತದೆ. ಐದು ಚಿತ್ರಗಳ ಪ್ಯಾಕ್ 49 ಡಾಲರ್ ಎಂದಿಟ್ಟುಕೊಳ್ಳಿ. ಚಿತ್ರವೊಂದಕ್ಕೆ 9 ಡಾಲರ್ 80 ಸೆಂಟ್ ಆಯಿತು, ಅದರ ಶೇ. 15 ಎಂದರೆ 1 ಡಾಲರ್ 47 ಸೆಂಟ್. ಹಬ್ಬದ ನೆಪದಲ್ಲಿ ಏಜೆನ್ಸಿ ಶೇ. 20 ರಿಯಾಯಿತಿ ಘೋಷಿಸಿದರೆ ನಿಮ್ಮ ಪಾಲು 1 ಡಾಲರ್ 18 ಸೆಂಟ್‌ಗೆ ಇಳಿಯುತ್ತದೆ. ಇನ್ನು ತಿಂಗಳಿಗೆ 750 ಚಿತ್ರಗಳ ಚಂದಾ 199 ಡಾಲರ್ ಎಂದಿಟ್ಟುಕೊಂಡರೆ ಚಿತ್ರವೊಂದಕ್ಕೆ ಬೀಳುವ ಬೆಲೆ 26 ಸೆಂಟ್ ಚಿಲ್ಲರೆ ಮಾತ್ರ. ಅದರಲ್ಲಿ ಶೇ. 33 ಪಡೆದವನಿಗೆ 9 ಸೆಂಟ್ ಕೂಡ ಪೂರ್ತಿ ಸಿಗುವುದಿಲ್ಲ, ಶೇ. 40ರ ಮೇಲಿನ ಹಂತದವನಿಗೂ ಹನ್ನೊಂದು ಸೆಂಟ್ ದಾಟುವುದಿಲ್ಲ. ಪ್ಯಾಕಿನಲ್ಲಿ ಮಾರಿದ ಶೇ. 15ರವನು ಇವರಿಬ್ಬರಿಗಿಂತ ಹತ್ತು ಪಟ್ಟಿಗೂ ಮೇಲೆ ಗಳಿಸಿರುತ್ತಾನೆ. ದೊಡ್ಡ ರಿಯಾಯಿತಿ ಎಂದರೆ ಹಬ್ಬದ ಜಾಹೀರಾತಲ್ಲ, ಸದಾಕಾಲ ಇರುವ ಈ ಚಂದಾ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಈಗ ನನಗೆ ನಷ್ಟ ತಂದ ತಪ್ಪಿನ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ ಎಂದು ನಿಮ್ಮ ಪ್ರಶ್ನೆಯ ಧಾಟಿಯೇ ಹೇಳುತ್ತಿದೆ.

ಲಾಕ್‌ಡೌನಿಗೂ ಮೊದಲು ನಾನು ಬೀದರಿನ ಕುಶಲಕರ್ಮಿಯೊಬ್ಬರ ಮನೆಯಂಗಳದಲ್ಲಿ ಬಿದರಿ ಕೆಲಸದ ಚಿತ್ರಗಳನ್ನು ತೆಗೆದಿದ್ದೆ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಇಷ್ಟನ್ನು ಯಾರಾದರೂ ಹೋಗಿ ತೆಗೆಯಬಹುದು. ಕೊನೆಯ ಘಳಿಗೆ ಬೇರೆಯದು. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬೆಚ್ಚಗೆ ಕಾಯಿಸಿದ ಹೂಜಿಗೆ ಮೆತ್ತಿ ಉಜ್ಜುತ್ತಾರೆ. ಕ್ಷಣದಲ್ಲಿ ಲೋಹವೆಲ್ಲ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಣ್ಣು ಅರ್ಧ ಜಾರಿ, ಅರ್ಧ ಮೈಗೆ ಅಂಟಿಕೊಂಡಿರುವಾಗ ಕಪ್ಪಿನೊಳಗಿಂದ ಬಳ್ಳಿ ಎದ್ದು ಕಾಣುವ ಆ ಚಿತ್ರ ನನ್ನ ಬಳಿ ಇತ್ತು. ಕೆಸರಾದ ಬೆರಳುಗಳೂ ಇದ್ದವು, ಮುಖ ಇರಲಿಲ್ಲ. ಅಂಥ ಬೆಳಕು ಮತ್ತೆ ನನಗೆ ಸಿಕ್ಕಿಲ್ಲ.

ನಾನು ಸೇರಿದ ಏಜೆನ್ಸಿಯಲ್ಲೂ ಹಂತಗಳಿದ್ದವು, ಹಂತ ಏರಲು ಲೆಕ್ಕಕ್ಕೆ ಬರುತ್ತಿದ್ದದ್ದು ಡೌನ್‌ಲೋಡಿನ ಸಂಖ್ಯೆಯೇ ಹೊರತು ಬೆಲೆಯಲ್ಲ. ಮುಂದಿನ ಹಂತಕ್ಕೆ ಇನ್ನೇನು ಸ್ವಲ್ಪವೇ ಬಾಕಿ ಎಂದು ತೋರಿಸುವ ಪಟ್ಟಿಯೊಂದು ಪರದೆಯ ಮೇಲೆ ಇರುತ್ತಿತ್ತು. ವರ್ಷದ ಕೊನೆ ಹತ್ತಿರವಾಗಿತ್ತು. ಆ ಪಟ್ಟಿಯನ್ನು ತುಂಬಿಸುವ ಹುರುಪಿನಲ್ಲಿ ಬಿದರಿಯ ಇಡೀ ಸರಣಿಯನ್ನು, ಬಿಳಿ ತಟ್ಟೆಯ ಮೇಲಿನ ತೊಗರಿ ಬೇಳೆ ಮತ್ತು ಮೊಬೈಲ್ ಹಿಡಿದ ಕೈಗಳ ಚಿತ್ರಗಳ ಜೊತೆಯಲ್ಲೇ, ರಾಯಲ್ಟಿ ಫ್ರೀ, ಅಂದರೆ ಒಮ್ಮೆ ಹಣ ಕೊಟ್ಟ ಯಾರಾದರೂ ಮತ್ತೆ ಮತ್ತೆ ಬಳಸಬಹುದಾದ ಪರವಾನಗಿಯ ಅಡಿಯಲ್ಲಿ ಏರಿಸಿಬಿಟ್ಟೆ. ಅದೇ ತಪ್ಪು. ಏಜೆನ್ಸಿ ಕಡಿಮೆ ಕೊಟ್ಟಿತು ಎಂಬುದಲ್ಲ. ಅದರ ಷರತ್ತುಗಳೆಲ್ಲ ಬರಹದಲ್ಲಿಯೇ ಇದ್ದವು. ಎಲ್ಲರ ಬಳಿಯೂ ಇರುವ ಚಿತ್ರವನ್ನೂ ನನ್ನೊಬ್ಬನ ಬಳಿಯೇ ಇರುವ ಚಿತ್ರವನ್ನೂ ಒಂದೇ ದರದ ಗೋದಾಮಿಗೆ ಕಳಿಸಿದೆ, ಅದೂ ಜನವರಿಯಲ್ಲಿ ಅಳಿಸಿಹೋಗಲಿದ್ದ ಒಂದು ಹಂತಕ್ಕಾಗಿ. ಚಿತ್ರಗಳು ಹೋದವು. ತಿಂಗಳ ವಿವರದಲ್ಲಿ ಒಂದರ ಕೆಳಗೊಂದು 0.10 ಎಂಬ ಸಾಲುಗಳು. ಆಗಿನ ವಿನಿಮಯ ದರದಲ್ಲಿ ಒಂದೊಂದಕ್ಕೂ ಏಳೂವರೆ ರೂಪಾಯಿಯ ಆಸುಪಾಸು. ಹಂತ ಏರಿತು, ಹೊಸ ವರ್ಷಕ್ಕೆ ಇಳಿಯಿತು.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮುಂದೆ ಬೆಂಗಳೂರಿನ ಪ್ರಕಾಶಕರೊಬ್ಬರು ಕರಕುಶಲ ಕಲೆಗಳ ಮೇಜಿನ ಕ್ಯಾಲೆಂಡರಿಗಾಗಿ ಆ ಸರಣಿಯನ್ನು ಕೇಳಿದರು. ಒಂದು ವರ್ಷದ ಮಟ್ಟಿಗೆ ಬೇರೆ ಯಾರೂ ಬಳಸಬಾರದು ಎಂಬ ಷರತ್ತಿನ ಮೇಲೆ 40,000 ರೂಪಾಯಿ ಕೊಡಲು ಸಿದ್ಧರಿದ್ದರು. “ಬೇರೆಲ್ಲೂ ಕೊಟ್ಟಿಲ್ಲ ಅಲ್ಲವೇ?” ಎಂದು ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳುವ ಹಾಗಿರಲಿಲ್ಲ. ಏಜೆನ್ಸಿಯಿಂದ ಚಿತ್ರಗಳನ್ನು ತೆಗೆಸಬಹುದು, ಆದರೆ ಈಗಾಗಲೇ ಇಳಿಸಿಕೊಂಡವರ ಪರವಾನಗಿ ಹಾಗೆಯೇ ಉಳಿಯುತ್ತದೆ. ಕೊಂಡವರು ಯಾರು, ಎಲ್ಲಿ ಬಳಸುತ್ತಿದ್ದಾರೆ ಎಂಬ ವಿವರವೂ ನನಗೆ ಸಿಗುವುದಿಲ್ಲ. ಅವರು ವಿನಯದಿಂದಲೇ ಬೇಡವೆಂದರು. 10 ಸೆಂಟಿಗೆ ಮಾರಿದ್ದು ಚಿತ್ರದ ಒಂದು ಪ್ರತಿಯನ್ನಲ್ಲ, ಅದನ್ನು ಒಬ್ಬರಿಗೇ ಕೊಡುವ ಹಕ್ಕನ್ನು ಎಂದು ಆ ಫೋನಿನ ಬಳಿಕ ತಿಳಿಯಿತು.

ಬೆಲೆ ಮತ್ತೆ ಏರಬಹುದು ಎಂದು ನೀವು ಕಾಯುತ್ತಿದ್ದರೆ ಆ ಆಸೆಯನ್ನೂ ಬಿಡಿ. 2000ದಲ್ಲಿ ಐಸ್ಟಾಕ್‌ಫೋಟೊ, 2003ರಲ್ಲಿ ಶಟರ್‌ಸ್ಟಾಕ್ ಎಂಬ ಅಗ್ಗದ ಏಜೆನ್ಸಿಗಳು ಹುಟ್ಟಿದ ಬಳಿಕ ಈ ಮಾರುಕಟ್ಟೆ ಒಂದೇ ದಿಕ್ಕಿಗೆ, ಕೆಳಕ್ಕೆ, ಹೋಗಿದೆ. ದುಬಾರಿ ಚಿತ್ರಗಳ ವ್ಯಾಪಾರಿಯೆಂದೇ ಹೆಸರಾಗಿದ್ದ ಗೆಟ್ಟಿ ಇಮೇಜಸ್ 2006ರಲ್ಲಿ ಐಸ್ಟಾಕ್‌ಫೋಟೊವನ್ನು 5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಛಾಯಾಗ್ರಾಹಕರಿಗೆ ಅರ್ಧ ಪಾಲು ಕೊಡುವುದಕ್ಕೆ ಹೆಸರಾಗಿದ್ದ ಬ್ರಿಟನ್ನಿನ ಅಲಾಮಿ ಕೂಡ 2019ರಲ್ಲಿ, ಬೇರೆಡೆಯೂ ಮಾರುವ ಚಿತ್ರಗಳಿಗೆ, ಅದನ್ನು ಶೇ. 40ಕ್ಕೆ ಇಳಿಸಿತು, 2021ರಲ್ಲಿ ವರ್ಷಕ್ಕೆ 250 ಡಾಲರಿನ ಮಾರಾಟವನ್ನೂ ಮುಟ್ಟದವರಿಗೆ ಶೇ. 20 ಎಂಬ ಹಂತವನ್ನು ತಂದಿತು. ಚಿತ್ರ ಕೊಡುವವರು ಲಕ್ಷಗಟ್ಟಲೆ ಇರುವಾಗ ಒಬ್ಬಿಬ್ಬರು ಮುನಿಸಿಕೊಂಡು ಹೊರಟರೆ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಶೇ. 33ರ ಕಡೆಗೆ ಹೋಗಬೇಕೇ ಎಂದರೆ, ಹೋಗಿ, ಅದರಿಂದ ನಷ್ಟವೇನಿಲ್ಲ. ಒಂದೇ ಏಜೆನ್ಸಿಗೆ ಕಟ್ಟುಬೀಳುವ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಎರಡೂ ಕಡೆ ಇರಬಹುದು. ನೀವು ಪಟ್ಟಿ ಮಾಡಿರುವ ಚಿತ್ರಗಳಲ್ಲಿ ಜೋಳದ ರೊಟ್ಟಿ, ಸುರಪುರ ಕಡೆಯ ಭತ್ತದ ಗದ್ದೆ, ಯಾದಗಿರಿ ಕೋಟೆಯ ಸಾಮಾನ್ಯ ನೋಟ ಇವನ್ನು ಧಾರಾಳವಾಗಿ ಏರಿಸಿ. ಅಂಥವಕ್ಕೆ ಚಂದಾದ ಚಿಲ್ಲರೆಯೇ ಸಾಕು, ಒಂದೇ ಚಿತ್ರ ಹಲವು ಬಾರಿ ಹೋದರೆ ತಿಂಗಳ ಇಂಟರ್‌ನೆಟ್ ಬಿಲ್ಲಾದರೂ ಹೊರಡುತ್ತದೆ. ಬೋನಾಳ ಕೆರೆಯಲ್ಲಿ ಮರೆ ಕಟ್ಟಿಕೊಂಡು ಕುಳಿತು ತೆಗೆದ ಹಕ್ಕಿಗಳ ಸರಣಿಯನ್ನು ಮಾತ್ರ ಯಾವ ಏಜೆನ್ಸಿಗೂ ಕೊಡಬೇಡಿ, ಶೇ. 50 ಕೊಡುತ್ತೇವೆಂದರೂ ಬೇಡ. ಅದನ್ನು ಚಿಕ್ಕ ಗಾತ್ರದಲ್ಲಿ ನಿಮ್ಮದೇ ಪುಟದಲ್ಲಿ ಹಾಕಿ, ಕೇಳಿ ಬಂದವರಿಗೆ ಬಳಕೆ, ಅವಧಿ, ಪ್ರದೇಶ ಈ ಮೂರನ್ನೂ ಬರೆದುಕೊಟ್ಟು ರೂಪಾಯಿಯಲ್ಲಿ ದರ ಹೇಳಿ. ಯಾರೂ ಕೇಳದೆ ವರ್ಷಗಳು ಹೋಗಬಹುದು. ಹೋಗಲಿ, ಹಾರ್ಡ್‌ಡಿಸ್ಕಿನಲ್ಲಿದ್ದರೆ ಹಕ್ಕು ನಿಮ್ಮಲ್ಲೇ ಇರುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಏಜೆನ್ಸಿಯಾದರೆ ಖಾತೆ ತೆರೆದ ದಿನವೇ ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆಯನ್ನು ನಿಮ್ಮ ಪ್ಯಾನ್ ಸಂಖ್ಯೆಯೊಂದಿಗೆ ತುಂಬಿಬಿಡಿ. ಅಲ್ಲಿನ ಗ್ರಾಹಕರಿಂದ ಬಂದ ರಾಯಲ್ಟಿಯ ಮೇಲೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ಶೇ. 15 ಕಡಿತವಾಗುತ್ತದೆ, ನಮೂನೆ ಇಲ್ಲದಿದ್ದರೆ ಶೇ. 30 ಹೋಗುತ್ತದೆ. ರಿಯಾಯಿತಿ ನಿಮ್ಮ ಕೈಯಲ್ಲಿಲ್ಲ, ಈ ಕಡಿತವನ್ನು ಅರ್ಧಕ್ಕೆ ಇಳಿಸುವುದು ಹತ್ತು ನಿಮಿಷದ ಕೆಲಸ.