ದಿನದ ಖರ್ಚು ಎಷ್ಟು ಕಡಿಮೆ ಮಾಡಿದರೂ ಉಳಿತಾಯ ಬೆಳೆಯುತ್ತಿಲ್ಲ, ಇನ್ನೇನು ನಿಲ್ಲಿಸಲಿ?

ಪ್ರತಿ ಖರ್ಚನ್ನೂ ಆ್ಯಪ್‌ನಲ್ಲಿ ಬರೆದಿಡುತ್ತೀರಿ, ಹೊರಗೆ ತಿನ್ನುವುದು ಬಿಟ್ಟಿದ್ದೀರಿ, ಆದರೂ ಮನೆಗಾಗಿ ಕೂಡಿಸುತ್ತಿರುವ ದುಡ್ಡು ಬೆಳೆಯುತ್ತಿಲ್ಲ. ಈಗ ಗೆಳೆಯರ ಜೊತೆ ಸುತ್ತುವುದನ್ನೂ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇದು ನಾನೇ ಬರೆದ ಹಾಗಿದೆ.

ನಾನು ನಿಮಗಿಂತ ಒಂದು ಕೈ ಮೇಲು. ಬಸ್ಸು ಬಿಟ್ಟು ನಡೆದು ಹೋಗುತ್ತಿದ್ದೆ. ಖಾಲಿ ಕೋಣೆಯಲ್ಲಿ ಲೈಟ್ ಉರಿಯುತ್ತಿದ್ದರೆ ಮನೆಯವರ ಜೊತೆ ಜಗಳ. ತಿಂಗಳ ಕೊನೆಗೆ ಉಳಿದದ್ದನ್ನು ಬೇರೆ ಉಳಿತಾಯ ಖಾತೆಗೆ ಹಾಕುತ್ತಿದ್ದೆ. ಅದರ ಬ್ಯಾಲೆನ್ಸ್ ನೋಡುತ್ತಾ ಕೂರುವುದು ಒಂದು ಚಟವೇ ಆಗಿತ್ತು.

ಅದೇ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಮೇಲೆ ಹಳೇ ಬಾಕಿ ಇತ್ತು. ಮನೆ ಬದಲಿಸುವಾಗ ಫ್ರಿಜ್, ಮಂಚ ಅಂತ ತಗೊಂಡದ್ದು. ಬಿಲ್ ಬಂದಾಗ ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಕಟ್ಟಲೇಬೇಕಾದಷ್ಟು ಮಾತ್ರ ಕಟ್ಟುತ್ತಿದ್ದೆ. ಬ್ಯಾಂಕಿನವರೇ ಇಷ್ಟು ಸಾಕು ಅನ್ನುವಾಗ ಜಾಸ್ತಿ ಯಾಕೆ ಕಟ್ಟಲಿ, ಆ ದುಡ್ಡು ಉಳಿತಾಯಕ್ಕೆ ಹೋಗಲಿ ಅಂತ ನನ್ನ ಲೆಕ್ಕ. ಜಾಣ ಅಂದುಕೊಂಡಿದ್ದೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಾರ್ಡಿನ ಬಡ್ಡಿ ತಿಂಗಳಿಗೆ 3% ಅಂತಿಟ್ಟುಕೊಳ್ಳಿ. ಕೇಳಲು ಚಿಕ್ಕದು. ಆದರೆ ಬಡ್ಡಿಯ ಮೇಲೂ ಬಡ್ಡಿ ಬೀಳುತ್ತದೆ, ಹಾಗಾಗಿ ವರ್ಷಕ್ಕೆ 36% ಅಲ್ಲ, ಹತ್ತಿರ ಹತ್ತಿರ 42.6%. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷದಲ್ಲಿ ಸಾಲ ಎರಡು ಪಟ್ಟು. ಮಿನಿಮಮ್ ಕಟ್ಟಿದರೆ? ಬಾಕಿ 100 ಇದ್ದು 5 ಕಟ್ಟಿದಿರಿ ಅನ್ನಿ. ಅದರಲ್ಲಿ 3 ಬಡ್ಡಿಗೇ ಹೋಯಿತು. ಅಸಲು ಕರಗಿದ್ದು 2 ಮಾತ್ರ. ಆ 2ನ್ನು ನಾನು ಅದೇ ಕಾರ್ಡಿನಲ್ಲಿ ಮನೆ ಸಾಮಾನು ತಂದು ಮತ್ತೆ ತುಂಬಿಸುತ್ತಿದ್ದೆ.

ಇನ್ನೂ ಒಂದಿದೆ, ಇದು ನನಗೆ ಗೊತ್ತೇ ಇರಲಿಲ್ಲ. ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಖರೀದಿಯ ಮೇಲೆ ಬಡ್ಡಿಯಿಲ್ಲದ ಕೆಲವು ವಾರಗಳ ಗಡುವು. ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಅದು ಹೋಗುತ್ತದೆ, ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಶುರು. ಅಂದರೆ ರಿಯಾಯಿತಿ ಹುಡುಕಿ ಹುಡುಕಿ ತಂದ ಸೋಪಿಗೂ ಬಡ್ಡಿ ಕಟ್ಟುತ್ತಿದ್ದೆ! ಅತ್ತ ಉಳಿತಾಯ ಖಾತೆ ಕೊಡುತ್ತಿದ್ದದ್ದು ವರ್ಷಕ್ಕೆ 4%ಕ್ಕೂ ಕಡಿಮೆ.

ಕಣ್ಣು ತೆರೆಸಿದ್ದು ಅಕ್ಕ. ನನ್ನ ಸ್ಟೇಟ್‌ಮೆಂಟ್ ಓದಿ, “ಸಾಲಾನೂ ಇಟ್ಕೊಂಡು ದುಡ್ಡೂ ಇಟ್ಕೊಂಡಿದೀಯಲ್ಲೋ, ಯಾರಿಗೋಸ್ಕರ?” ಅಂದಳು. ಸಿಟ್ಟು ಬಂತು. ಆದರೆ ಉತ್ತರ ಇರಲಿಲ್ಲ. ಒಂದು ತಿಂಗಳ ಖರ್ಚಿಗಾಗುವಷ್ಟು ಕೈಯಲ್ಲಿಟ್ಟುಕೊಂಡು ಉಳಿದದ್ದೆಲ್ಲ ಬಾಕಿಗೆ ಕಟ್ಟಿದೆ. ಅಷ್ಟು ದಿನ ಮುದ್ದಿಸಿದ ಬ್ಯಾಲೆನ್ಸ್ ಖಾಲಿ ಆದದ್ದು ನೋಡಿ ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ, ನಿಜ.

ಹಾಗಾಗಿ ಇನ್ನೇನು ನಿಲ್ಲಿಸಲಿ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅಂತಾರೆ. ಆ ಕಡೆ ಕಟ್ಟೆ ಒಡೆದಿದ್ದರೆ ಹನಿ ಎಲ್ಲಿ ನಿಲ್ಲುತ್ತದೆ? ನಿಮಗೆ ಸಾಲ ಇದೆಯೋ ಇಲ್ಲವೋ ಬರೆದಿಲ್ಲ. ಇದ್ದರೆ, ಜಾಸ್ತಿ ಬಡ್ಡಿಯದ್ದನ್ನು ಮೊದಲು ತೀರಿಸಿ, ಅಲ್ಲಿವರೆಗೆ ಆ ಕಾರ್ಡ್ ಮುಟ್ಟಬೇಡಿ. ಇಲ್ಲದಿದ್ದರೆ ಆ್ಯಪ್ ಪಕ್ಕಕ್ಕಿಟ್ಟು ತಿಂಗಳ ಅತಿ ದೊಡ್ಡ ಮೂರು ಖರ್ಚು ಮಾತ್ರ ನೋಡಿ. ಬಹಳ ಜನರಿಗೆ ಅದು ಬಾಡಿಗೆ, ಗಾಡಿ, ಕಂತು. ಬಾಡಿಗೆಯಲ್ಲಿ ಒಂದು ಸಲ ಉಳಿಸಿದ್ದು ತಿಂಗಳು ತಿಂಗಳೂ ತಾನಾಗಿ ಉಳಿಯುತ್ತದೆ. ಚಿಲ್ಲರೆ ಖರ್ಚಿಗೆ ದಿನಾ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಅದು ನಡೆಯುವ ಮಾತಲ್ಲ.

ಸಾಲ ತೀರಿದ ಮೇಲೆ ಸಂಬಳದ ದಿನವೇ ಉಳಿತಾಯ ತಾನಾಗಿ ಕಡಿತ ಆಗುವ ಹಾಗೆ ಮಾಡಿದೆ. ಸಂಬಳ ಏರಿದಾಗ ಏರಿದ್ದರಲ್ಲಿ ಅರ್ಧ ಅಲ್ಲಿಗೇ. ಇದು ನನ್ನ ತಲೆಯಿಂದ ಬಂದದ್ದಲ್ಲ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಅಮೆರಿಕದ ನೌಕರರಿಗೆ ಇದೇ ತರಹದ ಯೋಜನೆ ಕೊಟ್ಟಿದ್ದರು: ಈಗ ಏನೂ ಕಡಿಮೆ ಮಾಡಬೇಡಿ, ಮುಂದೆ ಸಂಬಳ ಏರಿದಾಗ ಉಳಿತಾಯದ ಪಾಲೂ ಏರಲಿ. 2004ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ 3.5%ರಿಂದ 13.6%ಕ್ಕೆ ಹೋಯಿತು. ಕೈಗೆ ಬರುವ ದುಡ್ಡು ಇಳಿಯದಿದ್ದರೆ ಅಷ್ಟು ಚುರುಕ್ ಅನ್ನುವುದಿಲ್ಲ.

ಗೆಳೆಯರ ಜೊತೆ ಸುಮ್ನೆ ಹೋಗಿ ಬನ್ನಿ. ಬಿಲ್ ಮಾತ್ರ ಕಾರ್ಡಿನಲ್ಲಿ ಕೊಡಬೇಡಿ.