ಬೀಜದ ಟಗರನ್ನು ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ನಾನು 35 ಕೆಂಗುರಿಗಳನ್ನು ಸಾಕಿದ್ದೇನೆ. ಕಳೆದ ಬೇಸಿಗೆಯ ಕೊನೆಯಲ್ಲಿ ಸಂತೆಯಿಂದ ಒಳ್ಳೆಯ ಮೈಕಟ್ಟಿನ ಟಗರೊಂದನ್ನು ತಂದು ಹಿಂಡಿಗೆ ಬಿಟ್ಟೆ. ಅದು ಚೆನ್ನಾಗಿಯೇ ಹಾರುತ್ತಿತ್ತು, ಆದರೂ ಅರ್ಧದಷ್ಟು ಕುರಿಗಳು ಗಬ್ಬವಾಗಲಿಲ್ಲ. ಈ ಸಲ ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು? ವೀರ್ಯ ಪರೀಕ್ಷೆ ಮಾಡಿಸಲೇಬೇಕೆ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಹಾರುವ ಉತ್ಸಾಹ ಮತ್ತು ವೀರ್ಯದ ಗುಣ ಎರಡೂ ಬೇರೆ ಬೇರೆ. ಒಂದಿದ್ದು ಇನ್ನೊಂದಿಲ್ಲದ ಟಗರುಗಳು ಸಂತೆಗೆ ಬರುತ್ತಲೇ ಇರುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಕೊಂಬು, ಬಣ್ಣ, ಎದೆಯ ಅಗಲ ನೋಡಿ, ಹಲ್ಲು ಎಣಿಸಿ ಬೆಲೆ ಮಾತಾಡುತ್ತಾರೆಯೇ ಹೊರತು ಟಗರಿನ ಹಿಂದೆ ಕುಳಿತು ಬೀಜ ಮುಟ್ಟಿ ನೋಡುವವರು ಕಡಿಮೆ. ನಿಮ್ಮ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ.

ಒಬ್ಬರು ಟಗರಿನ ಕುತ್ತಿಗೆ ಹಿಡಿದು ನಿಲ್ಲಿಸಿಕೊಳ್ಳಲಿ. ನೀವು ಹಿಂದಿನಿಂದ ಬೀಜದ ಚೀಲದ ಮೇಲ್ಭಾಗವನ್ನು ಮೆಲ್ಲಗೆ ಹಿಡಿದು ಎರಡೂ ಬೀಜಗಳನ್ನು ಕೆಳಕ್ಕೆ ಇಳಿಸಿಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದು, ಚೀಲದೊಳಗೆ ಸಲೀಸಾಗಿ ಸರಿದಾಡಬೇಕು. ಒಂದೇ ಬೀಜ ಇಳಿದಿರುವ ಟಗರನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ, ಆ ದೋಷ ಮರಿಗಳಿಗೂ ಇಳಿಯಬಲ್ಲದು. ಮುಷ್ಟಿ ಬಿಗಿದಾಗ ನಿಮ್ಮ ಮುಂದೋಳಿನ ಮಾಂಸಖಂಡ ಎಷ್ಟು ಗಟ್ಟಿಯಾಗುತ್ತದೆಯೋ ಬೀಜವೂ ಸುಮಾರು ಅಷ್ಟೇ ಗಟ್ಟಿಯಾಗಿರಬೇಕು. ಮೆತ್ತಗೆ ಜೋತುಬಿದ್ದ ಬೀಜದಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಗ್ಗಿರುತ್ತದೆ. ಕಲ್ಲಿನಂತಿರುವ ಬೀಜದಲ್ಲಿ ಹಿಂದೆಂದೋ ಬಾವು ಬಂದು ಒಳಗೆ ಗಾಯ ಕಟ್ಟಿರುವ ಸಾಧ್ಯತೆ ಹೆಚ್ಚು. ಆಮೇಲೆ ಪ್ರತಿ ಬೀಜದ ತಳದಲ್ಲಿರುವ ಸಣ್ಣ ಉಬ್ಬನ್ನು ಹೆಬ್ಬೆರಳಿನಿಂದ ತಡವಿ ನೋಡಿ. ಬಲಿತ ವೀರ್ಯಾಣುಗಳು ಶೇಖರವಾಗುವ ಜಾಗ ಅದು. ಅಲ್ಲಿ ಗಂಟು ಸಿಕ್ಕರೆ, ಎಡಬಲದ ಉಬ್ಬುಗಳಲ್ಲಿ ವ್ಯತ್ಯಾಸ ಕಂಡರೆ, ಅಥವಾ ಮುಟ್ಟಿದೊಡನೆ ಟಗರು ನೋವಿನಿಂದ ಮೈ ಹಿಂಡಿಕೊಂಡರೆ ಬ್ರುಸೆಲ್ಲಾ ಸೋಂಕನ್ನು (ಟಗರಿನ ಬೀಜಕ್ಕೆ ಬಾವು ತರುವ, ಕುರಿಗಳಲ್ಲಿ ಗರ್ಭಪಾತಕ್ಕೂ ಕಾರಣವಾಗುವ ಬ್ಯಾಕ್ಟೀರಿಯಾ ರೋಗ) ಮೊದಲು ಶಂಕಿಸಬೇಕು.

ಬಳಿಕ ದರ್ಜಿಯ ಟೇಪಿನಿಂದ ಚೀಲದ ಅತಿ ಅಗಲವಾದ ಭಾಗದ ಸುತ್ತಳತೆ ತೆಗೆದುಕೊಳ್ಳಿ. ವಿದೇಶಿ ದೊಡ್ಡ ತಳಿಗಳ ವಯಸ್ಕ ಟಗರುಗಳಿಗೆ 32 ಸೆಂಟಿಮೀಟರ್ ಇರಬೇಕೆಂದು ಪುಸ್ತಕಗಳಲ್ಲಿ ಓದಿರಬಹುದು, ಆದರೆ ಆ ಅಳತೆಯನ್ನು ನಮ್ಮ ತಳಿಗಳ ಮೇಲೆ ಹೇರುವುದು ಸರಿಯಲ್ಲ. ಅದೇ ಹಿಂಡಿನ, ಅದೇ ವಯಸ್ಸಿನ ನಾಲ್ಕಾರು ಟಗರುಗಳನ್ನು ಅಳೆದು ಅವುಗಳಲ್ಲಿ ದೊಡ್ಡದನ್ನು ಆರಿಸಿ. ಸಂತೆಗಿಂತ ಕುರಿಗಾಹಿಯ ಹಟ್ಟಿಗೇ ಹೋಗಿ ಕೊಳ್ಳುವುದು ಲೇಸೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಅಲ್ಲಿ ಹೋಲಿಸಿ ನೋಡಲು ಜೊತೆಯ ಟಗರುಗಳೂ ಸಿಗುತ್ತವೆ, ಅದಕ್ಕೆ ಹುಟ್ಟಿದ ಮರಿಗಳೂ ಕಾಣಸಿಗುತ್ತವೆ.

ನಿಮ್ಮ ಟಗರಿನ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಬರುವುದು ಬೇಸಿಗೆಯ ಮೇಲೆ. ಬೀಜಗಳು ಮೈಯ ಉಷ್ಣತೆಗಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಏಳು ವಾರ, ಬಲಿತು ಹೊರಬರಲು ಮತ್ತೆ ಹೆಚ್ಚುಕಡಿಮೆ ಎರಡು ವಾರ ಬೇಕಾಗುವುದರಿಂದ ಇಂದು ನೀವು ನೋಡುವ ವೀರ್ಯದಲ್ಲಿ ಎರಡು ತಿಂಗಳ ಹಿಂದಿನ ಬಿಸಿಲು, ಜ್ವರ, ಹಸಿವು, ಲಾರಿ ಪ್ರಯಾಣಗಳ ಪರಿಣಾಮ ಇರುತ್ತದೆ. ಕಾಳಗಕ್ಕೆಂದು ವಿಪರೀತ ಮೇಯಿಸಿ ಕೊಬ್ಬಿಸಿದ ಟಗರಿನಲ್ಲಿ ಚೀಲದ ಮೇಲ್ಭಾಗದಲ್ಲೂ ಕೊಬ್ಬು ಸೇರಿ ಬಿಸಿ ಹೊರಹೋಗಲು ಅಡ್ಡಿಯಾಗುತ್ತದೆ. ಹಾಗಾಗಿ ಹಿಂಡಿಗೆ ಬಿಡುವ ಎರಡು ತಿಂಗಳ ಮೊದಲೇ ಟಗರನ್ನು ತಂದು, ನೆರಳು, ನೀರು, ಒಳ್ಳೆಯ ಮೇವು ಕೊಟ್ಟು ಸಾಕಿರಿ. ರೋಗವೇನಾದರೂ ಇದ್ದರೆ ಹಿಂಡಿಗೆ ಹರಡದಂತೆ ಮೊದಲ ನಾಲ್ಕು ವಾರ ಅದು ಹಿಂಡಿನಿಂದ ದೂರವೇ ಇರಲಿ.

ಹಿಂಗಾಲುಗಳನ್ನು ಅಲಕ್ಷಿಸಬೇಡಿ, ಹಾರುವಾಗ ಮೈಭಾರವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಟಗರನ್ನು ನಡೆಸಿ ನೋಡಿ, ಗೊರಸಿನ ಸಂದಿಯಲ್ಲಿ ಕೊಳೆತ ವಾಸನೆ ಇದೆಯೇ ಎಂದು ಪರೀಕ್ಷಿಸಿ. ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ಜಂತುಹುಳು ರಕ್ತ ಹೀರುತ್ತಿದೆಯೆಂದು ತಿಳಿಯಿರಿ. ಎರಡು ಅಥವಾ ನಾಲ್ಕು ಶಾಶ್ವತ ಹಲ್ಲು ಬಂದಿರುವ ಹರೆಯದ ಟಗರು ನಿಮಗೆ ಸೂಕ್ತ.

ವೀರ್ಯ ಪರೀಕ್ಷೆ ಮಾಡಿಸಲೇಬೇಕೆ ಎಂದು ಕೇಳಿದ್ದೀರಿ. ಒಂದೇ ಟಗರಿನ ಮೇಲೆ ಇಡೀ ವರ್ಷದ ಮರಿಗಳು ನಿಂತಿರುವುದರಿಂದ, ಸೌಲಭ್ಯವಿರುವ ಪಶು ಆಸ್ಪತ್ರೆ ಅಥವಾ ಪಶುವೈದ್ಯಕೀಯ ಕಾಲೇಜು ಹತ್ತಿರವಿದ್ದರೆ ಖಂಡಿತ ಮಾಡಿಸಿ. ಬಹುದಿನ ಹಾರದ ಟಗರಿನ ಮೊದಲ ಮಾದರಿಯಲ್ಲಿ ಸತ್ತ ವೀರ್ಯಾಣುಗಳು ಹೆಚ್ಚಿರಬಹುದು, ಆದ್ದರಿಂದ ಎರಡನೆಯ ಮಾದರಿಯನ್ನೂ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ವೀರ್ಯ ಪರೀಕ್ಷೆ ಸಾಧ್ಯವಾಗದಿದ್ದರೂ ಬ್ರುಸೆಲ್ಲಾ ರಕ್ತಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಆ ರೋಗ ಕಂದು ಹಾಕಿದ (ಗರ್ಭಪಾತವಾದ) ಕುರಿಯ ಮಾಸು, ಹಸಿಹಾಲುಗಳ ಮೂಲಕ ನಿಮ್ಮ ಮನೆಯವರಿಗೂ ತಗುಲಬಲ್ಲದು.

35 ಕುರಿಗಳಿಗೆ ಒಂದು ಟಗರು ಸ್ವಲ್ಪ ಹೆಚ್ಚಿನ ಹೊರೆಯೇ. 25ರಿಂದ 30 ಕುರಿಗಳಿಗೆ ಒಂದು ಎಂದು ಲೆಕ್ಕ ಹಿಡಿಯುವುದು ರೂಢಿ. ಹಿಂಡಿಗೆ ಬಿಟ್ಟ ಮೇಲೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಟಗರಿನ ಎದೆಯ ಕೆಳಗೆ ಎರಡು ದಿನಕ್ಕೊಮ್ಮೆ ಸವರಿದರೆ, ಹಾರಿಸಿಕೊಂಡ ಕುರಿಗಳ ಬೆನ್ನಿನ ಹಿಂಭಾಗದಲ್ಲಿ ಬಣ್ಣ ಮೂಡುತ್ತದೆ. ಗಬ್ಬವಾಗದ ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಅಷ್ಟು ದಿನ ಕಳೆದ ಮೇಲೆ ಕೆಮ್ಮಣ್ಣಿನ ಬದಲು ಇದ್ದಿಲ ಪುಡಿ ಬಳಸಿ. ಕೆಂಪು ಮೂಡಿದ್ದ ಕುರಿಗಳಲ್ಲಿ ಹೆಚ್ಚಿನವುಗಳ ಮೇಲೆ ಕಪ್ಪೂ ಮೂಡಿದರೆ ಆ ಟಗರನ್ನು ಕೂಡಲೇ ತೆಗೆದು ಬೇರೆಯದನ್ನು ಬಿಡಿ. ಆಗಿನ್ನೂ ಹಂಗಾಮು ಮುಗಿದಿರುವುದಿಲ್ಲ.